ಮೊದಲು ಯಾವುದು?



ಕಳೆದ ವಾರ ಹಿರಿಯರೊಬ್ಬರು ಶ್ರೀಮಠಕ್ಕೆ ಬಂದರು. ನಮಸ್ಕಾರ ಮಾಡಿ ಕುಳಿತು, "ಅಜ್ಜಾರ, ಊರ ಸರಕಾರಿ ಸಾಲಿಗೆ ಒಂದು ಮಹಾದ್ವಾರ ಕಟ್ಟಸ್ಬೇಕಂತ ಮಾಡೇನ್ರಿ. ನಮ್ಮಪ್ಪನ ಹೆಸರು ಉಳೀತದ" ಎಂದರು. ತಂದೆಯ ಮೇಲಿನ ಭಕ್ತಿಯನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೂ ಅಂದು ನಾವು ಒಪ್ಪಿಗೆ ಕೊಡಲಿಲ್ಲ. ಏಕೆಂಬುದನ್ನು ಇಂದು ಎಲ್ಲರ ಮುಂದೆ ಹೇಳಬೇಕಾಗಿದೆ.

ಅದರ ಹಿಂದಿನ ದಿನವೇ ನಾವು ಆ ಶಾಲೆಗೆ ಹೋಗಿದ್ದೆವು. ನಾಲ್ಕನೆಯ ತರಗತಿಯ ಬಾಲಕಿಯೊಬ್ಬಳನ್ನು ಕರೆದು, "ಪುಸ್ತಕ ತೆಗೆದು ಓದವ್ವಾ" ಎಂದೆವು. ಒಂದು ಪಾಠವನ್ನು ಗಡಗಡನೆ ಹೇಳಿಬಿಟ್ಟಳು. ನಮಗೆ ಬಲು ಸಂತೋಷವಾಯಿತು. ಆಮೇಲೆ ನೋಡಿದರೆ ಮಗುವಿನ ಬೆರಳು ಬೇರೆ ಪುಟದ ಮೇಲಿತ್ತು! ಒಂದು ಪದವನ್ನು ತೋರಿಸಿ ಇದೇನೆಂದು ಕೇಳಿದರೆ ತಲೆ ತಗ್ಗಿಸಿದಳು. ನಾವೂ ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರೇ, ಕಂಠಪಾಠವನ್ನು ಜರೆಯುವುದಿಲ್ಲ. ಆದರೆ ನಮಗೆ ಅಕ್ಷರ ಮೊದಲು ಬಂದಿತ್ತು. ಆ ಕೂಸಿಗೆ ಬಂದಿಲ್ಲ.

ಆ ಶಾಲೆಯಲ್ಲಿ ಒಂದರಿಂದ ಐದರವರೆಗೆ 74 ಮಕ್ಕಳು, ಶಿಕ್ಷಕರು ಒಬ್ಬರೇ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾನೂನಿನಂತೆ ಇಷ್ಟು ಮಕ್ಕಳಿಗೆ ಮೂವರು ಇರಬೇಕು. ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಖಾಲಿ ಇರಬಾರದೆಂದೂ ಅದೇ ಕಾನೂನು ಹೇಳುತ್ತದೆ. ಯಾರ ಸಮೀಪಕ್ಕೆ ಹೋಗಿ ಕಲಿಯುತ್ತಾರೋ ಅವರು ಉಪಾಧ್ಯಾಯರು. ಐದು ತರಗತಿಯ ಮಕ್ಕಳು ಒಬ್ಬರೇ ಶಿಕ್ಷಕರ ಸಮೀಪಕ್ಕೆ ಹೋಗುವುದು ಹೇಗೆ? ಆ ಮಾಸ್ತರರು ಒಳ್ಳೆಯವರು, ಬೆಳಗಿನಿಂದ ದುಡಿಯುತ್ತಾರೆ. ಊಟದ ಲೆಕ್ಕವನ್ನೂ ಅವರೇ ಬರೆಯಬೇಕು.

ಇನ್ನೊಂದು ಮಾತು, ಇದು ನಮ್ಮದೇ ತಪ್ಪು. ಅದೇ ಶಾಲೆಯ ಅಂಗಳದಲ್ಲಿ ಒಂದು ರಂಗಮಂಟಪವಿದೆ, ಅದರ ಶಿಲೆಯ ಮೇಲೆ ನಮ್ಮ ಹೆಸರಿದೆ. ಮಠವೇ ಕಟ್ಟಿಸಿಕೊಟ್ಟಿತು. ವರ್ಷಕ್ಕೆ ಎರಡು ದಿನ ಅದರ ಉಪಯೋಗ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲವೆಂಬುದನ್ನು ಅಂದು ನಾವು ಕೇಳಲೇ ಇಲ್ಲ. ಶಿಲೆಯನ್ನು ಅನಾವರಣ ಮಾಡಿ, ಹಾರ ಹಾಕಿಸಿಕೊಂಡು ಬಂದೆವು.

ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ 'ನಲಿಕಲಿ' ಆರಂಭವಾದಾಗ ಅಲ್ಲಿ ಮಹಾದ್ವಾರಗಳೇನೂ ಏಳಲಿಲ್ಲ. ಶಿಕ್ಷಕರು ಕೂಡಿ ಕುಳಿತು ಕಲಿಕೆಯ ಕಾರ್ಡುಗಳನ್ನು ಮಾಡಿದರು; ಮಗು ತಾನು ನಿಂತ ಮೆಟ್ಟಿಲಿನಿಂದಲೇ ಮುಂದಿನದಕ್ಕೆ ಹೋಗುವಂತೆ ಏರ್ಪಾಟು ಮಾಡಿದರು. ಮುಂದೆ ಅದು ನಾಡಿನ ಸರಕಾರಿ ಶಾಲೆಗಳಿಗೆಲ್ಲ ಬಂತು. ಆದರೆ ಕಾರ್ಡು ತಾನಾಗಿ ಪಾಠ ಹೇಳುವುದಿಲ್ಲ, ಪಕ್ಕದಲ್ಲಿ ಕುಳಿತುಕೊಳ್ಳುವವರು ಬೇಕು.

ಕಾಲುವೆಯ ನೀರು ಮೇಲಿನ ಹೊಲಗಳಲ್ಲೇ ನಿಂತು, ಕೊನೆಯ ಹೊಲ ಒಣಗುವುದನ್ನು ರೈತರಾದ ನೀವು ಬಲ್ಲಿರಿ. ಡಾ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಗುರುತಿಸಿತು. ಎಲ್ಲರಿಗೂ ಸಮವಾಗಿ ಹಂಚಿದರೆ ಕೊನೆಯವನು ಕೊನೆಯಲ್ಲೇ ಉಳಿಯುತ್ತಾನೆ. ಊರೊಳಗಿನ ಶಾಲೆಗೂ ಅದೇ ನ್ಯಾಯ: ಓದಲು ಬಾರದ ಮಗುವಿನ ಪಾಲು ಮೊದಲು. ಬಣ್ಣ, ದೂರದರ್ಶನ, ಕಂಪೌಂಡು ಆಮೇಲೆ ಬರಲಿ, ಬೇಡವೆನ್ನುವುದಿಲ್ಲ.

ಹಿರಿಯರಿಗೆ ಇದನ್ನೆಲ್ಲ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, "ಹಂಗಾದ್ರ ಅಪ್ಪನ ಹೆಸರು ಎಲ್ಲಿ ಬರಸೂದ್ರಿ?" ಎಂದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಶಿಲೆಯ ನೆನಪಾಯಿತು. ನಿನ್ನೆ ಅವರು ಮತ್ತೆ ಬಂದಿದ್ದರು. ನೀರಿನ ತೊಟ್ಟಿ, ಕೊಳವೆಗಳ ಖರ್ಚು ಹಾಗೂ ಹುದ್ದೆ ತುಂಬುವವರೆಗೆ ಊರಿನಲ್ಲಿಯೇ ಓದಿದ ಒಬ್ಬ ಹೆಣ್ಣುಮಗಳು ಸಂಜೆ ಅಕ್ಷರ ಕಲಿಸಲು ಬೇಕಾದ ಗೌರವಧನ ತಮ್ಮದೆಂದಿದ್ದಾರೆ. ಹುದ್ದೆ ತುಂಬುವುದು ಸರಕಾರದ ಹೊಣೆ, ಅದನ್ನು ನಾವು ಹೊತ್ತುಕೊಂಡು ಅವರನ್ನು ಬಿಡುಗಡೆ ಮಾಡಬಾರದು. ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಮನವಿ ಸಿದ್ಧವಾಗಿದೆ.

ಶಾಲೆಯ ಅಭಿವೃದ್ಧಿ ಯೋಜನೆಯನ್ನು ಬರೆಯುವ ಅಧಿಕಾರ ಕಾನೂನಿನಂತೆ ಪಾಲಕರ ಸಮಿತಿಯದು. ಅದರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಬರುವ ಸೋಮವಾರ ಸಂಜೆ ಶಾಲೆಯಲ್ಲಿಯೇ ಸಭೆ ಇದೆ. ಹೊಲದಿಂದ ಬಂದವರು ಹಾಗೆಯೇ ಬನ್ನಿ. ತಾಯಂದಿರು ತಪ್ಪದೆ ಬರಬೇಕು. ಮನವಿಗೆ ಮೊದಲ ರುಜು ನಿಮ್ಮದೇ ಆಗಲಿ.