ಗರಗಸದ ಮುಂದೆ ಬೆರಳು
(ಹೊಸರಿತ್ತಿಯಲ್ಲಿ ಬಡಿಗ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಬಾಚಿ, ಉಳಿ ಹಿಡಿದು ಬೆಳೆದವರ ಮುಂದೆ ಸೀಮೆಸುಣ್ಣ ಹಿಡಿದು ಬೆಳೆದವನು ನಿಂತು ಮಾತನಾಡುವುದು ಅಧಿಕಪ್ರಸಂಗವೆಂದು ನಾನು ಬಲ್ಲೆ. ಕಟ್ಟಿಗೆಯ ಗುಣ ನಿಮಗೆ ತಿಳಿದಷ್ಟು ನನಗೆ ತಿಳಿಯದು. ಆದರೂ ಬಂದಿದ್ದೇನೆ. ಅದಕ್ಕೆ ಕಾರಣ ನನ್ನ ಶಾಲೆಯ ಒಬ್ಬ ಹುಡುಗ.

ನಾನು ಮಾಸ್ತರಿಕೆ ಮಾಡುತ್ತಿದ್ದಾಗ ಏಳನೆಯ ಇಯತ್ತೆಯಲ್ಲಿ ಬಡಿಗರ ಹುಡುಗನೊಬ್ಬನಿದ್ದ. ಅವನ ಅಕ್ಷರ ಮುತ್ತಿನಂತಿದ್ದವು. ಬೇಸಿಗೆ ಸೂಟಿಯಲ್ಲಿ ತಂದೆಯ ಸಂಗಡ ಕಟ್ಟಿಗೆ ಅಡ್ಡೆಗೆ ಹೋಗಿ, ಗರಗಸದ ಆಚೆ ಬದಿಗೆ ನಿಂತು, ಸೀಳಿ ಬಂದ ಹಲಗೆ ಎಳೆದುಕೊಳ್ಳುವ ಕೆಲಸ ಮಾಡಿದ. ಸೂಟಿ ಮುಗಿದು ಶಾಲೆಗೆ ಬಂದಾಗ ಬಲಗೈಯ ಎರಡು ಬೆರಳು ಇರಲಿಲ್ಲ. "ಹುಡುಗ ನೋಡಿಕೊಂಡು ನಿಲ್ಲಲಿಲ್ಲರಿ ಮಾಸ್ತರ" ಎಂದು ತಂದೆ ಹೇಳಿದ. ಅಡ್ಡೆಯ ಧಣಿಯೂ ಅದನ್ನೇ ಹೇಳಿದ. ನಾನೂ ತಲೆಯಾಡಿಸಿದೆ. ಹಾಗೆ ತಲೆಯಾಡಿಸಿದ್ದು ತಪ್ಪೆಂದು ತಿಳಿಯಲು ನನಗೆ ಬಹಳ ದಿನ ಹಿಡಿದವು. ಆ ತಪ್ಪು ಒಪ್ಪಿಕೊಳ್ಳಲೆಂದೇ ಇಲ್ಲಿ ನಿಂತಿದ್ದೇನೆ.

ನೋಡಿಕೊಂಡು ನಿಲ್ಲುವುದೆಂದರೇನು? ಹಿಂದೆ ದೊಡ್ಡ ಗರಗಸವನ್ನು ಇಬ್ಬರು ಎಳೆಯುತ್ತಿದ್ದರು. ಕೈ ನಿಂತರೆ ಗರಗಸವೂ ನಿಲ್ಲುತ್ತಿತ್ತು. ಕರೆಂಟಿನ ಗರಗಸ ಹಾಗಲ್ಲ. ಹತ್ತು ಇಂಚಿನ ಗಾಲಿ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆಂದು ಹಿಡಿಯೋಣ. ಸೆಕೆಂಡಿಗೆ 50 ಸುತ್ತಾಯಿತು. ಗಾಲಿಗೆ 40 ಹಲ್ಲಿದ್ದರೆ ಒಂದು ಸೆಕೆಂಡಿಗೆ 2000 ಹಲ್ಲು ದಾಟುತ್ತವೆ. ಹಲ್ಲಿನ ವೇಗ ತಾಸಿಗೆ ಸುಮಾರು 140 ಕಿಲೋಮೀಟರು. ಕಣ್ಣು ಕಂಡು, ಮಿದುಳು ತಿಳಿದು, ಕೈ ಹಿಂದೆ ಸರಿಯಲು ಎಂಥ ಚುರುಕಿನವನಿಗೂ ಸೆಕೆಂಡಿನ ಐದನೆಯ ಒಂದು ಪಾಲು ಬೇಕು. ಅಷ್ಟರಲ್ಲಿ 400 ಹಲ್ಲು ದಾಟಿರುತ್ತವೆ. ಲೆಕ್ಕ ನೀವೇ ಹಾಕಿರಿ. ಇಂಥಲ್ಲಿ ಬರೇ ಎಚ್ಚರವನ್ನು ನಂಬಿದರೆ ಬೆರಳು ಉಳಿದೀತೆ? ಎಚ್ಚರ ಬೇಕು, ಆದರೆ ಎಚ್ಚರ ತಪ್ಪಿದ ಗಳಿಗೆಯಲ್ಲಿ ಕೈಗೂ ಹಲ್ಲಿಗೂ ನಡುವೆ ಒಂದು ತಡೆ ಇರಬೇಕು. ಇಂದಿನ ನನ್ನ ಮಾತೆಲ್ಲ ಇಷ್ಟೆ.

ಆ ಹುಡುಗನ ಸಂಗತಿಯನ್ನೇ ನೋಡಿರಿ. ಆ ಗರಗಸದ ಮೇಜು ಗಾಲಿಯಿಂದಾಚೆ ಒಂದೂವರೆ ಅಡಿಗೆ ಮುಗಿದಿತ್ತು. ಎಳೆಯುವವನು ಅಷ್ಟು ಸಮೀಪ ನಿಲ್ಲಲೇಬೇಕು. ಗಾಲಿಯಿಂದ ಮೇಜಿನ ತುದಿಗೆ ನಾಲ್ಕು ಅಡಿಯಾದರೂ ಇರಬೇಕೆಂದು ಬಲ್ಲವರು ಹೇಳುತ್ತಾರೆ. ಒಂದು ಹಲಗೆ ಜೋಡಿಸಿ ಮೇಜು ಉದ್ದ ಮಾಡಿದ್ದರೆ ಹುಡುಗನ ಕೈ ಗಾಲಿಗೆ ಮುಟ್ಟುತ್ತಿರಲಿಲ್ಲ. ತಪ್ಪಿದ್ದು ಹುಡುಗನ ಕಣ್ಣಿನಲ್ಲಲ್ಲ, ಮೇಜಿನ ಅಳತೆಯಲ್ಲಿ. ಅದಕ್ಕಿಂತ ಮೊದಲು, ಅವನು ಅಲ್ಲಿರಲೇಬಾರದಾಗಿತ್ತು. ಹದಿನೆಂಟು ತುಂಬದವರನ್ನು ಅಪಾಯದ ಕೆಲಸಕ್ಕೆ ಹಚ್ಚಬಾರದೆಂದು ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಹೇಳುತ್ತದೆ. ಸ್ವಂತ ಮನೆಯ ಉದ್ಯೋಗವೆಂದು ಹೇಳಿದರೂ ಅಪಾಯದ ಕೆಲಸಕ್ಕೆ ವಿನಾಯಿತಿ ಇಲ್ಲ.

ಇನ್ನು ಹಲಗೆ ಹಿಂದಕ್ಕೆ ಒದೆಯುವುದು. ಅದು ದೆವ್ವವಲ್ಲ. ಸೀಳುವಾಗ ಕಟ್ಟಿಗೆಯೊಳಗಿನ ಬಿಗುವು ಸಡಿಲಾಗಿ ಸೀಳಿನ ಎರಡು ಹೋಳು ಕೂಡಿಕೊಂಡು ಗಾಲಿಯನ್ನು ಹಿಂದಿನಿಂದ ಹಿಚುಕುತ್ತವೆ. ಗಾಲಿಯ ಹಿಂದಿನ ಹಲ್ಲು ಕೆಳಗಿನಿಂದ ಮೇಲಕ್ಕೆ ಏಳುತ್ತಿರುತ್ತವಷ್ಟೆ? ಅವು ಹಲಗೆಯನ್ನು ಎತ್ತಿ ನಿಮ್ಮ ಎದೆಗೆ ಒಗೆಯುತ್ತವೆ. ಹಲಗೆ ಒತ್ತಿ ಹಿಡಿದ ಕೈ ಅದೇ ಗಳಿಗೆಯಲ್ಲಿ ಗಾಲಿಯ ಮೇಲೆ ಬೀಳುತ್ತದೆ. ಇದಕ್ಕೆ ಮದ್ದು, ಗಾಲಿಯ ಹಿಂದೆ ಅದೇ ಗೆರೆಯಲ್ಲಿ ಅಲುಗದಂತೆ ನಿಲ್ಲಿಸಿದ ಉಕ್ಕಿನ ಸೀಳುಪಟ್ಟಿ. ಅದಕ್ಕೂ ಹಲ್ಲಿಗೂ ನಡುವೆ ಎಂಟು ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು. ಮೇಲೆ ಮುಚ್ಚಳ ಇರಲಿ. ಕೈ ಗಾಲಿಗೆ ಒಂದು ಅಡಿಗಿಂತ ಸಮೀಪ ಹೋಗಬಾರದು. ಕೊನೆಯ ತುಂಡನ್ನು ಒಂದೂವರೆ ಅಡಿಯ ನೂಕುಗೋಲಿನಿಂದ ನೂಕಬೇಕು. ಗಾಲಿಯ ಗೆರೆಗೆ ಎದೆ ಕೊಡದೆ ಪಕ್ಕಕ್ಕೆ ನಿಲ್ಲಬೇಕು. ನೂಕುಗೋಲು ಮಾಡಲು ಬಡಿಗನಿಗೆ ಯಾರ ಅಪ್ಪಣೆ ಬೇಕು?

ಕಬ್ಬಿಣ ತಿಕ್ಕುವ ಕೈಯಂತ್ರಕ್ಕೆ, ಮುಚ್ಚಳ ಕಿತ್ತು, ಕಟ್ಟಿಗೆಯ ಹಲ್ಲುಗಾಲಿ ಹಾಕುವ ಚಟ ಈಗ ಎಲ್ಲೆಡೆ ಹಬ್ಬಿದೆ. ನಿಮಿಷಕ್ಕೆ 11000 ಸುತ್ತಿನ ಆ ಯಂತ್ರ ಈ ಕೆಲಸಕ್ಕೆ ಮಾಡಿದ್ದಲ್ಲ. ಗಾಲಿ ಸಿಕ್ಕಿಕೊಂಡರೆ ಯಂತ್ರವೇ ಕೈ ಬಿಡಿಸಿಕೊಂಡು ಹಾರುತ್ತದೆ. ಇದನ್ನು ಪೂರ್ತಿ ಬಿಟ್ಟುಬಿಡಿರಿ.

ನಮ್ಮ ಭಾಗದ ಇನ್ನೊಂದು ಅಪಾಯವನ್ನು ಯಾವ ಪುಸ್ತಕದವರೂ ಇಷ್ಟು ಚೆನ್ನಾಗಿ ಬಲ್ಲರೆಂದು ತೋರುವುದಿಲ್ಲ. ಅದು ಕರೆಂಟು. ಕರೆಂಟು ಹೋದಾಗ ಸ್ವಿಚ್ಚು ಆರಿಸದೆ ಗಾಲಿಗೆ ಸಿಕ್ಕ ಚಕ್ಕೆಯನ್ನು ಕೈಯಿಂದ ತೆಗೆಯುತ್ತೇವೆ. ಅಷ್ಟರಲ್ಲಿ ಕರೆಂಟು ಬಂದುಬಿಡುತ್ತದೆ. ವರದಾ ದಂಡೆಯ ರೈತರು ರಾತ್ರಿ ಕರೆಂಟು ಬಂದೊಡನೆ ಪಂಪು ತಾನೇ ನಡೆಯಲೆಂದು ಆಟೋ ಕೂಡಿಸುತ್ತಾರೆ. ಪಂಪಿಗೆ ಅದು ಸರಿ, ಗರಗಸಕ್ಕೆ ಅದು ಯಮಪಾಶ. ಗರಗಸಕ್ಕೆ ಬೇಕಾದದ್ದು, ಕರೆಂಟು ಹೋದರೆ ತಾನೇ ಬಿಟ್ಟುಕೊಂಡು, ಮತ್ತೆ ಗುಂಡಿ ಒತ್ತುವವರೆಗೆ ನಡೆಯದ ಸ್ಟಾರ್ಟರು. ಆ ಗುಂಡಿಗೆ ಕಡ್ಡಿ ಸಿಗಿಸಿ ಕಟ್ಟಬೇಡಿರಿ. ಸ್ವಿಚ್ಚು ಆರಿಸಿದ ಮೇಲೂ ಗಾಲಿ ಕೆಲ ಹೊತ್ತು ತಿರುಗುತ್ತಿರುತ್ತದೆ. ಅದು ಪೂರ್ತಿ ನಿಂತ ಮೇಲೆಯೇ ಕೈ ಹಾಕಿರಿ.

ಹೆಗಲ ಮೇಲಿನ ವಲ್ಲಿ, ಧೋತರದ ಚುಂಗು, ಕೈಗೆ ಕಟ್ಟಿದ ದಾರ, ಇವೆಲ್ಲ ಬೆಲ್ಟಿಗೂ ಗಾಲಿಗೂ ಸಿಗುವ ಹಗ್ಗಗಳು. ಕೈಚೀಲವೂ ಬೇಡ, ಹಲ್ಲು ಅದನ್ನು ಹಿಡಿದರೆ ಕೈಯನ್ನೂ ಒಳಗೆಳೆಯುತ್ತದೆ. ಮೂಗಿಗೆ ಮಾತ್ರ ತಡೆ ಬೇಕು. ಕಟ್ಟಿಗೆಯ ಧೂಳು ಮೂಗಿನ ಕ್ಯಾನ್ಸರಿಗೆ ಕಾರಣವೆಂದು ಜಾಗತಿಕ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ಸಾರಿದೆ.

ಬೆರಳು ತುಂಡಾದರೆ ಗಾಬರಿಯಾಗಬೇಡಿರಿ. ಗಾಯವನ್ನು ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಕೈ ಮೇಲೆತ್ತಿ ಹಿಡಿಯಿರಿ. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಬರ್ಫದ ನೀರಿನಲ್ಲಿಡಿರಿ. ಬೆರಳಿಗೆ ಬರ್ಫ ನೇರವಾಗಿ ತಾಗಬಾರದು. ಬೆರಳು ಜೋಡಿಸಬಲ್ಲ ವೈದ್ಯರಿರುವ ಆಸ್ಪತ್ರೆಗೆ ತಡಮಾಡದೆ ಒಯ್ಯಿರಿ.

ಇನ್ನು ಕಾಯ್ದೆಯ ಮಾತು. 1948ರ ಕಾರ್ಖಾನೆ ಕಾಯ್ದೆ, ಯಂತ್ರಕ್ಕೆ ಬೇಲಿ ಹಾಕಬೇಕೆಂದು ಕಟ್ಟುಮಾಡಿತ್ತು. ಆದರೆ ಕರೆಂಟಿನಿಂದ ನಡೆಯುವಲ್ಲಿ ಹತ್ತು ಜನ ದುಡಿದರೆ ಮಾತ್ರ ಅದು ಕಾರ್ಖಾನೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆ ಆ ಹತ್ತನ್ನು ಇಪ್ಪತ್ತು ಮಾಡಿದೆ. ಮೂರು ನಾಲ್ಕು ಜನರ ನಮ್ಮ ಅಡ್ಡೆಗೆ ಆ ಬೇಲಿ ಇನ್ನೂ ದೂರವಾಯಿತು. ಇದರ ವಿರುದ್ಧ ನಾವು ಕೂಗಬೇಕು, ಕೂಗುತ್ತೇವೆ. ಆದರೆ ಗರಗಸ ನಮ್ಮ ಕೂಗಿಗಾಗಿ ಕಾಯುವುದಿಲ್ಲ.

ಪರಿಹಾರದ ಹಕ್ಕು ಮಾತ್ರ ಸಣ್ಣ ಅಡ್ಡೆಯ ಕೂಲಿಗೂ ಉಂಟು. 1923ರ ಕಾಯ್ದೆಯ ಯಾದಿಯಲ್ಲಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30, ತೋರುಬೆರಳು ಪೂರ್ತಿ ಹೋದರೆ 14, ಒಂದು ಕೈಯ ನಾಲ್ಕೂ ಬೆರಳು ಹೋದರೆ 50 ನಷ್ಟವೆಂದು ಬರೆದಿತ್ತು. ಈ ಹಕ್ಕು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮುಂದುವರಿದಿದೆ. ಇದರಲ್ಲಿ ಒಂದು ಮಾತು ನೆನಪಿಡಿರಿ: ಕೆಲಸಗಾರ ಬರೇ ಅಜಾಗರೂಕನಾಗಿದ್ದನೆಂದು ಹೇಳಿ ಧಣಿ ಪರಿಹಾರ ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಕುಡಿದು ಬಂದಿದ್ದರೆ, ಇಲ್ಲವೆ ಕಾಪಿನ ಮುಚ್ಚಳವನ್ನು ಬೇಕೆಂದೇ ತಾನು ಕಿತ್ತಿದ್ದರೆ, ಬೆರಳೂ ಹೋಯಿತು, ಪರಿಹಾರವೂ ಹೋದೀತು. ಆದುದರಿಂದ ಮುಚ್ಚಳ ಕೀಳೆಂದು ಯಾರೇ ಹೇಳಲಿ, ಕೀಳಬೇಡಿರಿ. ಮುಚ್ಚಳ ಇಲ್ಲದಿದ್ದರೆ ಎಲ್ಲರೂ ಕೂಡಿ ಕೇಳಿರಿ. ಒಬ್ಬನೇ ಕೇಳಿದರೆ ಅವನ ಕೆಲಸ ಹೋದೀತು. ಬಾಗಿಲು ಚೌಕಟ್ಟು ನಾಳೆಯೇ ಬೇಕೆಂದು ಅವಸರಪಡಿಸುವ ಗಿರಾಕಿಗಳಿಗೂ ಹೇಳುತ್ತೇನೆ, ನಿಮ್ಮ ಅವಸರದ ಬೆಲೆ ತೆರುವವರು ಬೇರೆಯವರು.

ಆಯುಧಪೂಜೆಯ ದಿನ ಗರಗಸಕ್ಕೆ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆಯುತ್ತೇವೆ. ಒಳ್ಳೆಯದು. ಈ ಸಲ ಅದೇ ದಿನ ಮುಚ್ಚಳ, ಸೀಳುಪಟ್ಟಿ, ಸ್ಟಾರ್ಟರು, ಮೇಜಿನ ಉದ್ದ, ನಾಲ್ಕನ್ನೂ ಒಬ್ಬರ ಅಡ್ಡೆಯನ್ನು ಇನ್ನೊಬ್ಬರು ಹೋಗಿ ನೋಡಿಬರೋಣ. ಇನ್‌ಸ್ಪೆಕ್ಟರು ಬಾರದ ಊರಿಗೆ ನಾವೇ ಇನ್‌ಸ್ಪೆಕ್ಟರು.

1943ರ ಏಪ್ರಿಲ್ 1ರಂದು ಮೈಲಾರ ಮಹಾದೇವಪ್ಪನವರೂ ಅವರ ಇಬ್ಬರು ಸಂಗಡಿಗರೂ ಗುಂಡಿಗೆ ಎದೆಯೊಡ್ಡಿದ್ದು ಇದೇ ಹೊಸರಿತ್ತಿಯಲ್ಲಿ. ಆ ರಕ್ತ ಯಾಕೆ ಬಿತ್ತೆಂದು ಈ ಊರಿನ ಮಗುವೂ ಹೇಳೀತು. ಕಟ್ಟಿಗೆಯ ಹೊಟ್ಟಿನ ಮೇಲೆ ಬಿದ್ದ ಆ ಹುಡುಗನ ರಕ್ತ ಯಾಕೆ ಬಿತ್ತೆಂದು ಕೇಳಿದರೆ ನಾನು ಏನು ಹೇಳಲಿ? ಒಂದು ಹಲಗೆ ಕಡಿಮೆಯಿತ್ತು ಎಂದೆ? ನಾಳೆ ಮುಂಜಾನೆ ಸ್ವಿಚ್ಚು ಒತ್ತುವ ಮೊದಲು ನಿಮ್ಮ ನಿಮ್ಮ ಮೇಜನ್ನು ಅಳೆದು ನೋಡಿರಿ.