ಮಾಸ್ತರರ ಪಾಠ, ಮಕ್ಕಳ ಮೊಬೈಲು

(ಚಡಚಣ ಭಾಗದ ಹಳ್ಳಿಯೊಂದರ ಶಾಲೆಯಲ್ಲಿ ಕೂಡಿದ ಪಾಲಕರೆದುರು ಶಿಕ್ಷಕರೊಬ್ಬರು ಮಾಡಿದ ಭಾಷಣ)



ಹೊಲದ ಕೆಲಸ ಬಿಟ್ಟು ಶಾಲೆಯವರೆಗೆ ಬಂದಿದ್ದೀರಿ. ಬಹಳ ಹೊತ್ತು ಕೂಡ್ರಿಸುವದಿಲ್ಲ. ಹೋದ ವಾರ ನಿಮ್ಮಲ್ಲಿಯೇ ಒಬ್ಬರು ಸಂತೆಯ ದಾರಿಯಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು: "ಮಾಸ್ತರ್ರ, ಹುಡುಗ ರಾತ್ರಿ ಹನ್ನೊಂದರ ತನಕ ಮೊಬೈಲ್ ಹಿಡಕೊಂಡು ಕೂಡ್ತಾನ. ಕೇಳಿದ್ರ ಅಭ್ಯಾಸ ಅಂತಾನ. ಖರೇನೋ ಸುಳ್ಳೋ ನಮಗ ಹ್ಯಾಂಗ ತಿಳೀಬೇಕ್ರಿ?" ದಾರಿಯಲ್ಲಿ ನಿಂತು ಹೇಳುವ ಉತ್ತರ ಅದಲ್ಲವಾದುದರಿಂದ ನಿಮ್ಮೆಲ್ಲರನ್ನು ಇಲ್ಲಿ ಕರೆದಿದ್ದೇನೆ.

ಯಂತ್ರದಿಂದ ಪಾಠ ಹೇಳಿಸುವದು ನಮ್ಮ ಸೀಮೆಗೆ ಹೊಸದೇನಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ನಮ್ಮ ದೇಶದ ಬಾಹ್ಯಾಕಾಶ ಸಂಸ್ಥೆಯವರು ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮ ತಲುಪಿಸಿದರು. ಕರ್ನಾಟಕದಲ್ಲಿ ಇದಕ್ಕಾಗಿ ಆರಿಸಿದ್ದು ಅಂದಿನ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಕೊಡೆ. ಅದಕ್ಕೆ ಜೋಡಿಸಿದ ಒಂದು ಪೆಟ್ಟಿಗೆ. ಮುಂಜಾನೆ ಒಂದೂವರೆ ತಾಸು ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ತಾಸು ದೊಡ್ಡವರಿಗೆ. ಒಕ್ಕಲುತನದ ಮಾತು, ಆರೋಗ್ಯದ ಮಾತು, ನಡುವೆ ಹಾಡು ಕುಣಿತ. ವರ್ಷ ತುಂಬುತ್ತಲೇ ಆ ಉಪಗ್ರಹವನ್ನು ನಮ್ಮ ಆಕಾಶದಿಂದ ಸರಿಸಿದರು; ಪಾಠವೂ ನಿಂತಿತು.

ಆ ಪೆಟ್ಟಿಗೆ ತನ್ನ ಪಾಠವನ್ನು ಹೇಳಿಕೊಂಡು ಹೋಗುತ್ತಿತ್ತು. ಹಿಂದಿನ ಸಾಲಿನ ಹುಡುಗನಿಗೆ ತಿಳಿಯಿತೋ ಇಲ್ಲವೋ ಎಂದು ಅದು ಹೇಗೆ ನೋಡಬೇಕು? ಯೋಜನೆ ಹಾಕಿದವರು ಇದನ್ನು ಅರಿತಿದ್ದರು. ಆದುದರಿಂದಲೇ ಅದೇ ವರ್ಷ ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸುವ ಬಗೆಯನ್ನೂ ಹೇಳಿಕೊಟ್ಟರು.

ಇನ್ನು ನನ್ನ ತಪ್ಪನ್ನೇ ಹೇಳುತ್ತೇನೆ. 2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದವು. ದೊಡ್ಡ ತರಗತಿಗಳಿಗೆ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ನಾನೂ ಸುಮ್ಮನಿರಲಿಲ್ಲ. ವಾಟ್ಸಾಪಿನಲ್ಲಿ ಗುಂಪು ಮಾಡಿ ದಿನಕ್ಕೆ ಐದಾರು ವಿಡಿಯೋ ಕಳಿಸಿ, ಪಾಠ ಮುಗಿಯಿತೆಂದು ನಿಶ್ಚಿಂತನಾಗಿದ್ದೆ. ಆಗಸ್ಟಿನಲ್ಲಿ ಸರಕಾರ 'ವಿದ್ಯಾಗಮ' ಎಂಬ ಕಾರ್ಯಕ್ರಮ ಆರಂಭಿಸಿತು. ಮೊಬೈಲು ಇಲ್ಲದವರು, ಸಾದಾ ಮೊಬೈಲು ಇದ್ದವರು, ಇಂಟರ್ನೆಟ್ಟಿನ ಮೊಬೈಲು ಇದ್ದವರು ಎಂದು ಮಕ್ಕಳನ್ನು ಮೂರು ಗುಂಪು ಮಾಡಿ, ಶಿಕ್ಷಕರು ತಾವೇ ಓಣಿಗೆ ಹೋಗಿ ಕಲಿಸಬೇಕೆಂಬ ಏರ್ಪಾಡು. ಗುಡಿಯ ಕಟ್ಟೆಯ ಮೇಲೆ ಮಕ್ಕಳನ್ನು ಕೂಡಿಸಿ ಕೇಳಿದಾಗಲೇ ನನ್ನ ಕಣ್ಣು ತೆರೆಯಿತು. ಕಳಿಸಿದ್ದನ್ನು ಪೂರ್ತಿ ನೋಡಿದವರು ಮೂರೋ ನಾಲ್ಕೋ ಮಂದಿ. ಉಳಿದವರ ಮನೆಯಲ್ಲಿ ಮೊಬೈಲು ಅಪ್ಪನ ಕಿಸೆಯಲ್ಲಿ, ಅಪ್ಪ ಹೊಲದಲ್ಲಿ. ರೋಗ ಹರಡಿದ್ದರಿಂದ ಅಕ್ಟೋಬರಿನಲ್ಲಿ ಆ ಕಾರ್ಯಕ್ರಮವನ್ನು ನಿಲ್ಲಿಸಬೇಕಾಯಿತು. ಆದರೆ ಆ ಎರಡು ತಿಂಗಳು ನನಗೆ ಕಲಿಸಿದ್ದು ಬಹಳ.

ಬಿತ್ತಿಗೆಯ ಕೆಲಸ ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೂರಿಗೆ ಎಷ್ಟೇ ಚೆನ್ನಾಗಿರಲಿ, ಹದ ನೋಡದೆ ಬಿತ್ತಿದರೆ ಬೀಜ ಮಣ್ಣುಪಾಲು. ನಾನು ಹದ ನೋಡಿರಲಿಲ್ಲ.

ಈಗ ನಾವು ಹೇಗೆ ಕಲಿಸುತ್ತೇವೆಂಬುದಕ್ಕೆ ಒಂದೇ ಪಾಠದ ಸಂಗತಿ ಹೇಳುತ್ತೇನೆ. ಗಿಡದ ಎಲೆ ಬಿಸಿಲಿನಲ್ಲಿ ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ ಎಂಬ ಪಾಠವಿದೆ. ಪಠ್ಯಪುಸ್ತಕದಲ್ಲಿ ಚೌಕದೊಳಗೆ ಕಪ್ಪು ಚುಕ್ಕೆಗಳ ಗುರುತು ಇರುವದನ್ನು ನೀವು ನೋಡಿರಬಹುದು. ಅದಕ್ಕೆ ಕ್ಯೂಆರ್ ಕೋಡ್ ಎನ್ನುತ್ತಾರೆ. 2017ರಲ್ಲಿ ಆರಂಭವಾದ 'ದೀಕ್ಷಾ' ಎಂಬ ಸರಕಾರಿ ಆ್ಯಪಿನಿಂದ ಆ ಗುರುತನ್ನು ಓದಿಸಿದರೆ ಆ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ಮೊಬೈಲಿನಲ್ಲಿ ತೆರೆಯುತ್ತದೆ. ಎಲೆಯ ಪ್ರಯೋಗದ ವಿಡಿಯೋ ಒಂದನ್ನು ಮಕ್ಕಳಿಗೆ ತೋರಿಸಿದೆ. "ತಿಳೀತೇನ?" ಎಂದರೆ ಎಲ್ಲರೂ "ತಿಳೀತ್ರಿ ಸರ" ಎಂದರು. "ಹಂಗಾದ್ರ ಎಲೆಗೆ ಕರಿ ಕಾಗದ ಯಾಕ ಸುತ್ತಿದ್ರು?" ಎಂದು ಕೇಳಿದೆ. ಎಲ್ಲರೂ ಸುಮ್ಮನಾದರು.

ಆಗ ಮೊಬೈಲು ಬದಿಗಿಟ್ಟು ಶಾಲೆಯ ಅಂಗಳದ ದಾಸವಾಳದ ಎಲೆಗಳ ನಡುವೆ ಕರಿ ಕಾಗದದ ಪಟ್ಟಿ ಸುತ್ತಿಸಿದೆ. ಮೂರು ದಿನ ಬಿಟ್ಟು, ಬಿಸಿಲು ಏರಿದ ಮೇಲೆ ಎಲೆ ಕಿತ್ತು ನೀರಿನಲ್ಲಿ ಕುದಿಸಿದೆವು. ಆಮೇಲೆ ಅದನ್ನು ಸ್ಪಿರಿಟ್ಟಿನಲ್ಲಿ ಹಾಕಿ, ಆ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಹಸಿರು ಬಣ್ಣ ತೆಗೆದೆ. ಸ್ಪಿರಿಟ್ಟು ಬೆಂಕಿಗೆ ಹತ್ತುವ ವಸ್ತು, ಆದುದರಿಂದ ಒಲೆ ಆರಿಸಿ ಈ ಕೆಲಸ ನಾನೇ ಮಾಡಿದೆ. ಅಯೋಡಿನ್ ಹನಿ ಹಾಕುತ್ತಲೂ ಬಿಸಿಲು ತಾಗಿದ ಭಾಗ ಕಪ್ಪುನೀಲಿಯಾಯಿತು. ಕಾಗದ ಸುತ್ತಿದ ಪಟ್ಟಿ ಹಾಗೆಯೇ ಉಳಿಯಿತು. ಒಬ್ಬ ಹುಡುಗ ಎದ್ದು, "ಸರ, ನಮ್ಮ ಲಿಂಬಿ ತ್ವಾಟದಾಗ ನೆಳ್ಳಿಗಿ ಇರೋ ಗಿಡ ಕಾಯಿ ಕಮ್ಮಿ ಬಿಡ್ತಾವು, ಅದೂ ಇದಕ್ಕರೀ?" ಎಂದ. ಅದೇ ವಿಡಿಯೋವನ್ನು ಮತ್ತೊಮ್ಮೆ ತೋರಿಸಿದೆ. ಈ ಸಲ ಅವರೇ ನಡುನಡುವೆ ನಿಲ್ಲಿಸಿ ನನಗೆ ವಿವರಿಸಿದರು.

ಇಷ್ಟೇ ನಮ್ಮ ಹೊಸ ಪದ್ಧತಿ: ಸ್ವಲ್ಪ ತೋರಿಸುವದು, ನಿಲ್ಲಿಸುವದು, ಕೇಳುವದು, ಕೈಯಿಂದ ಮಾಡಿಸುವದು. ವಿಡಿಯೋದಲ್ಲಿ ಬತ್ತದ ಗದ್ದೆ ಬಂದರೆ ನಾವು ಜೋಳದ ಹೊಲ ಎಂದು ತಿರುಗಿಸಿ ಹೇಳುತ್ತೇವೆ. ನಮ್ಮದು ಗಡಿಯ ಸೀಮೆ. ಮನೆಯಲ್ಲಿ ಮರಾಠಿ ಆಡುವ ಮಕ್ಕಳೂ ನಮ್ಮಲ್ಲಿದ್ದಾರೆ. ದೂರದ ಊರಿನ ಪುಸ್ತಕದ ಕನ್ನಡ ಅವರಿಗಷ್ಟೇ ಅಲ್ಲ, ನಮ್ಮ ಕನ್ನಡದ ಮಕ್ಕಳಿಗೂ ಒಮ್ಮೊಮ್ಮೆ ತೊಡಕು.

ಸಂತೆಯ ದಾರಿಯ ಪ್ರಶ್ನೆಗೆ ಈಗ ಬರುತ್ತೇನೆ. ದೇಶದ ಹಳ್ಳಿಗಳಲ್ಲಿ ನಡೆದ 2024ರ 'ಅಸರ್' ಸಮೀಕ್ಷೆಯಲ್ಲಿ, 14ರಿಂದ 16 ವರ್ಷದ ಮಕ್ಕಳಲ್ಲಿ ನೂರಕ್ಕೆ 82 ಮಂದಿ ಸ್ಮಾರ್ಟ್ ಫೋನು ಬಳಸಬಲ್ಲರೆಂದು ಕಂಡುಬಂತು. ಸಮೀಕ್ಷೆಯ ಹಿಂದಿನ ವಾರ ಅದನ್ನು ಅಭ್ಯಾಸದ ಕೆಲಸಕ್ಕೆ ಬಳಸಿದವರು ನೂರಕ್ಕೆ 57. ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮಿನಂಥವನ್ನು ನೋಡಿದವರು 76. ಆದುದರಿಂದ ನಿಮ್ಮ ಸಂಶಯ ತಪ್ಪಲ್ಲ. ಹಾಗೆಂದು ಮೊಬೈಲು ಕಸಿದುಕೊಂಡು ಪೆಟ್ಟಿಗೆಯಲ್ಲಿ ಕೀಲಿ ಹಾಕಿದರೆ ಅಭ್ಯಾಸವೂ ಹೋಗುತ್ತದೆ. ಊಟಕ್ಕೆ ಮುಂಚೆ ಒಂದು ತಾಸು ಗೊತ್ತುಮಾಡಿರಿ. ಪಡಸಾಲೆಯಲ್ಲಿ, ಎಲ್ಲರ ಎದುರು ನೋಡಲಿ. ನೋಡಿದ ಮೇಲೆ, "ಏನು ನೋಡಿದಿ, ನನಗ ತಿಳಿಸಿ ಹೇಳು" ಎಂದು ಕೇಳಿರಿ. ಅಕ್ಷರ ಬಾರದ ತಾಯಿಯೂ ಇದನ್ನು ಕೇಳಬಹುದು. ಕಲಿತಿದ್ದರೆ ಹೇಳುತ್ತಾನೆ, ಇಲ್ಲದಿದ್ದರೆ ತಡವರಿಸುತ್ತಾನೆ. ನೆಟ್‌ವರ್ಕ್ ಸಿಕ್ಕುವ ಕಡೆ ಪಾಠವನ್ನು ಮೊದಲೇ ಇಳಿಸಿಕೊಂಡರೆ ಮನೆಯಲ್ಲಿ ಇಂಟರ್ನೆಟ್ ಬೇಕಾಗುವದಿಲ್ಲ.

ತಾಯಂದಿರಿಗೆ ಒಂದು ಮಾತು. ಅದೇ ಸಮೀಕ್ಷೆಯಲ್ಲಿ, ಬಳಸಬಲ್ಲ ಗಂಡುಮಕ್ಕಳಲ್ಲಿ ನೂರಕ್ಕೆ 36 ಮಂದಿಗೆ ಸ್ವಂತ ಫೋನು ಇತ್ತು. ಹೆಣ್ಣುಮಕ್ಕಳಲ್ಲಿ 27 ಮಂದಿಗೆ ಮಾತ್ರ. ಸ್ವಂತದ್ದು ಕೊಡಿಸಿರೆಂದು ನಾನು ಹೇಳುವದಿಲ್ಲ. ಮನೆಯದೊಂದು ಇದ್ದರೆ ಆ ತಾಸನ್ನು ಅಣ್ಣ ತಂಗಿಗೆ ಸರಿಪಾಲು ಮಾಡಿರಿ. ಅವನು ನೋಡುವಾಗ ಇವಳು ಪಾತ್ರೆ ತಿಕ್ಕುತ್ತಿದ್ದರೆ ಇವಳ ಪಾಠ ಯಾವಾಗ?

ಕೊನೆಯದು, ಗುಳೆ ಹೋಗುವ ಮನೆಗಳ ವಿಷಯ. ದೀಪಾವಳಿ ಮುಗಿಯುತ್ತಲೇ ಕೆಲವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಡುತ್ತೀರಿ. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುವದೇ ಮೇಲು. ಶಾಲೆಯಲ್ಲಿ ಊಟವಿದೆ, ಪಾಠವಿದೆ. ಬಿಡಲು ಆಗದವರು ಹೊರಡುವ ಮುನ್ನ ನನ್ನ ಬಳಿ ಬಂದು, ಜೊತೆಗೆ ಒಯ್ಯುವ ಮೊಬೈಲಿನ ನಂಬರು ಬರೆಯಿಸಿರಿ. ಪುಸ್ತಕಗಳನ್ನು ಗಂಟಿನಲ್ಲಿ ಕಟ್ಟಿಕೊಳ್ಳಿರಿ. ದಿನಾ ಸಂಜೆ ಐದು ನಿಮಿಷದ ಪಾಠವನ್ನು ನನ್ನ ದನಿಯಲ್ಲಿಯೇ ಹೇಳಿ ಕಳಿಸುತ್ತೇನೆ, ಜೊತೆಗೆ ಎರಡು ಲೆಕ್ಕ. ಹುಡುಗಿ ಲೆಕ್ಕ ಬಿಡಿಸಿ ಹಾಳೆಯ ಫೋಟೋ ಕಳಿಸಿದರೆ ತಿದ್ದಿ ಮರಳಿ ಕಳಿಸುವ ಕೆಲಸ ನನ್ನದು. ಹೋದ ವರ್ಷ ಇಬ್ಬರು ಮಕ್ಕಳು ಹೀಗೆ ಮಾಡಿದರು. ಒಬ್ಬಳು ಯುಗಾದಿಗೆ ಮರಳಿ ಬಂದು ತನ್ನ ತರಗತಿಯಲ್ಲಿಯೇ ಕುಳಿತಳು, ಇನ್ನೊಬ್ಬ ನಡುವೆಯೇ ಬಿಟ್ಟ. ನಂಬರು ಬರೆಯುವ ವಹಿ ಇಲ್ಲಿ ಮೇಜಿನ ಮೇಲಿದೆ.