ನಲ್ವತ್ತರ ಕನ್ನಡಿ ಮತ್ತು ಮನೆಯಾಕೆಯ ಕನ್ನಡಕ

(ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)





ನಲ್ವತ್ತು ಸಮೀಪಿಸಿದ ನಮಗೆ ಕನ್ನಡಿಯಲ್ಲಿ ಮೊದಲು ಕಾಣಿಸುವುದು ಕಿವಿಯ ಬದಿಯ ನರೆಗೂದಲು. ಒಂದನ್ನು ಕೀಳುತ್ತೇವೆ, ನಾಲ್ಕು ಕಾಣಿಸುತ್ತವೆ. ಕೊನೆಗೆ ಬಣ್ಣದ ಪೊಟ್ಟಣ ಮನೆಗೆ ಬರುತ್ತದೆ. ಸುಜೂದ್‌ನಿಂದ ಏಳುವಾಗ ಮೊಣಕಾಲು ಸದ್ದು ಮಾಡುತ್ತದೆ. ಕುರ್‌ಆನನ್ನು ತೋಳಿನಷ್ಟು ದೂರ ಹಿಡಿದು, ಅಕ್ಷರ ಸಣ್ಣದಾಯಿತೆಂದು ಮುದ್ರಕರನ್ನು ದೂರುತ್ತೇವೆ.

ಪವಿತ್ರ ಕುರ್‌ಆನ್ ಈ ಪ್ರಾಯವನ್ನು ಹೆಸರಿಸಿಯೇ ಮಾತಾಡಿದೆ. ಅಲ್ ಅಹ್‌ಕಾಫ್ ಅಧ್ಯಾಯದ 15ನೇ ಸೂಕ್ತದಲ್ಲಿ ನಲ್ವತ್ತು ವರ್ಷ ತಲುಪಿದವನ ಪ್ರಾರ್ಥನೆಯಿದೆ. (ಹಿಜರಿ ಲೆಕ್ಕದಲ್ಲಿ ಈ ನಲ್ವತ್ತು, ನಮ್ಮ ಕ್ಯಾಲೆಂಡರಿನ ಮೂವತ್ತೊಂಬತ್ತು ತುಂಬುವ ಮೊದಲೇ ಬಂದುಬಿಡುತ್ತದೆ.) ಆತ ಯೌವನವನ್ನು ಮರಳಿ ಬೇಡುವುದಿಲ್ಲ. ತನಗೂ ಹೆತ್ತವರಿಗೂ ದೊರೆತ ಅನುಗ್ರಹಕ್ಕೆ ಕೃತಜ್ಞನಾಗುವ ಭಾಗ್ಯವನ್ನೂ ಸತ್ಕರ್ಮವನ್ನೂ ಸಂತತಿಯ ಒಳಿತನ್ನೂ ಬೇಡುತ್ತಾನೆ. ಆದರೆ ಅದಕ್ಕೂ ಮುನ್ನ ಅದೇ ಸೂಕ್ತವು ತಾಯಿಯ ಶರೀರದ ಕಷ್ಟವನ್ನು, ಬಸಿರು ಮತ್ತು ಮೊಲೆಯುಣಿಸುವಿಕೆಯ ಮೂವತ್ತು ತಿಂಗಳನ್ನು ನೆನಪಿಸಿದೆ. ನಾವು ಓದದೆ ದಾಟಿ ಹೋಗುವುದು ಈ ಭಾಗವನ್ನೇ.

ಮಕ್ಕಾ ವಿಜಯದ ಸಂದರ್ಭದಲ್ಲಿ ಹಝ್ರತ್ ಅಬೂಬಕರ್(ರ)ರ ವೃದ್ಧ ತಂದೆ ಅಬೂ ಕುಹಾಫರನ್ನು ಕರೆತಂದಾಗ, ಅವರ ಬೆಳ್ಳಗಿನ ಕೂದಲಿನ ಬಣ್ಣ ಬದಲಿಸಲು, ಆದರೆ ಕಪ್ಪನ್ನು ವರ್ಜಿಸಲು ಪ್ರವಾದಿವರ್ಯರು(ಸ) ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಕಪ್ಪು ಬಣ್ಣದ ಕುರಿತು ವಿದ್ವಾಂಸರ ಚರ್ಚೆ ಇದ್ದೇ ಇದೆ. ನಮ್ಮ ಮಸೀದಿ ಜಗಲಿಯ ಮಾತುಕತೆಯೂ ಅಲ್ಲಿಗೇ ಮುಗಿಯುತ್ತದೆ. ಗಂಡಸಿನ ಗಡ್ಡದ ಬಣ್ಣಕ್ಕೆ ಇಷ್ಟು ಚರ್ಚೆ. ಅಡುಗೆಮನೆಯಲ್ಲಿ ಮಂಜಾಗುತ್ತಿರುವ ಕಣ್ಣುಗಳಿಗೆ?

ನಲ್ವತ್ತರ ಆಸುಪಾಸಿನಲ್ಲಿ ಕಣ್ಣಿನ ಮಸೂರವು ಬಿರುಸಾಗಿ, ಹತ್ತಿರದ್ದನ್ನು ಕಾಣುವ ಶಕ್ತಿ ಕುಂದುತ್ತದೆ. ಇದು ರೋಗವಲ್ಲ; ಒಂದು ಕನ್ನಡಕ ಸಾಕು. ಆದರೂ ಜಗತ್ತಿನಲ್ಲಿ 82 ಕೋಟಿ 60 ಲಕ್ಷ ಮಂದಿಗೆ ಈ ಸರಳ ಪರಿಹಾರ ದಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿ ಹೇಳಿತ್ತು. ಅವರಲ್ಲಿ ಕೆಲವರು ನಮ್ಮ ಮನೆಗಳಲ್ಲೇ ಇದ್ದಾರೆ. ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯುವಾಕೆ, ಅಕ್ಕಿಯ ಕಲ್ಲು ಕಾಣದೆ ಊಟದ ಹೊತ್ತಿಗೆ ಮಾತು ಕೇಳುವಾಕೆ, ‘ಇನ್ನು ನನಗೆ ಓದಲಾಗದು’ ಎಂದು ಕುರ್‌ಆನನ್ನು ಮಡಚಿಟ್ಟಾಕೆ. ಮಗನ ಮದುವೆಯ ಹಾಲ್‌ಗೆ ಲಕ್ಷ ಸುರಿಯುವ ನಾವು ಕೆಲವು ನೂರು ರೂಪಾಯಿಗಳ ಕನ್ನಡಕವನ್ನು ‘ನೋಡೋಣ’ ಎಂದು ಮುಂದೂಡುತ್ತೇವೆ.

ನಲ್ವತ್ತೈದರಿಂದ ಐವತ್ತೈದರ ನಡುವೆ ಸಾಮಾನ್ಯವಾಗಿ ಆಕೆಯ ಮುಟ್ಟು ನಿಲ್ಲುತ್ತದೆ. ನಿದ್ದೆ ಕೆಡುತ್ತದೆ, ಮೈ ಒಮ್ಮೆಲೇ ಬಿಸಿಯಾಗಿ ಬೆವರುತ್ತದೆ, ಮೂಳೆಯ ಸತ್ವ ವೇಗವಾಗಿ ಇಳಿಯುತ್ತದೆ. ಇದಕ್ಕೆ ನಾವು ಇಟ್ಟಿರುವ ಹೆಸರು ‘ಇವಳಿಗೆ ಈಚೆಗೆ ಸಿಟ್ಟು ಜಾಸ್ತಿ’. ಆಕೆಯೂ ನಾಚಿಕೆಯಿಂದ ವೈದ್ಯರ ಬಳಿ ಹೇಳುವುದಿಲ್ಲ. ಧರ್ಮದ ಮಸ್‌ಅಲಗಳನ್ನು ತಿಳಿಯಲು ಮುಟ್ಟಿನ ಕುರಿತು ನೇರವಾಗಿ ಪ್ರಶ್ನಿಸಿದ ಸಹಾಬಿ ಮಹಿಳೆಯರ ಸಮುದಾಯ ನಮ್ಮದು. ಈ ಮೌನ ಎಲ್ಲಿಂದ ಬಂತು?

ಇನ್ನೊಂದು ಮಾತು. ಪ್ರತಿ ಮಂಜೂ ಪ್ರಾಯದ್ದಲ್ಲ. ಸಕ್ಕರೆ ಕಾಯಿಲೆಯಿಂದಲೂ ಕಣ್ಣಿನ ಒತ್ತಡದಿಂದಲೂ ನೋವಿಲ್ಲದೆಯೇ ದೃಷ್ಟಿ ಹೋಗಬಹುದು. ಆದ್ದರಿಂದ ಅಂಗಡಿಯಿಂದ ಸಿದ್ಧ ಕನ್ನಡಕ ತರುವ ಮೊದಲು ತಪಾಸಣೆ ಬೇಕು.

ನಮ್ಮ ಜಮಾಅತ್‌ಗಳು ರಕ್ತದಾನ ಶಿಬಿರಗಳನ್ನು ಚೆನ್ನಾಗಿ ನಡೆಸುತ್ತವೆ. ಕಣ್ಣಿನ ತಪಾಸಣೆಯನ್ನೂ ಸೇರಿಸಿಕೊಳ್ಳಿರಿ. ಆದರೆ ಆದಿತ್ಯವಾರ ಬೆಳಗ್ಗೆ ಬೇಡ. ಆಗ ಆಕೆ ಒಲೆಯ ಮುಂದಿರುತ್ತಾಳೆ. ಝುಹ್ರ್‌ನ ನಂತರ ಇಡಿರಿ, ಮನೆಯ ಗಂಡಸರೇ ಆಕೆಯನ್ನು ಕರೆದುಕೊಂಡು ಬನ್ನಿರಿ.